ಭೀಮಬೇಟ್ಕಾ: ಒಬ್ಬ ಬೋರ್ಡ್ ಪೇಂಟರ್ ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸ ಓದಿದವನಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಬ್ರಷ್ ಹಿಡಿದವನು. ಧಾರವಾಡದಲ್ಲಿ ಅಂಗಡಿ ಬೋರ್ಡು, ಲಾರಿ ಹಿಂದಿನ ಅಕ್ಷರ, ಶಾಲೆ ಗೋಡೆಯ ಮೇಲೆ ಭಾರತದ ನಕ್ಷೆ, ಚುನಾವಣೆ ಬಂದರೆ ಪಕ್ಷದ ಚಿಹ್ನೆ, ಎಲ್ಲಾ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಹೋಯಿತು. ಈಗ ಮನೆಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟು ಮಾಡುತ್ತೇನೆ. ಹಾಗಾಗಿ ಈ ರಿವ್ಯೂದಲ್ಲಿ ಬಣ್ಣ, ಬ್ರಷ್, ಗೋಡೆ ಇವೇ ಜಾಸ್ತಿ ಬರುತ್ತವೆ. ಅದು ಬೇಡ ಅನ್ನುವವರು ಕೊನೆಗೆ ಹೋಗಿ ಬಸ್ಸಿನ ವಿಷಯ ಮಾತ್ರ ಓದಿಕೊಳ್ಳಿ.

ಮಗ ಭೋಪಾಲದಲ್ಲಿ ಕೆಲಸದಲ್ಲಿದ್ದಾನೆ. ಜನವರಿಯಲ್ಲಿ ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗಿದ್ದೆವು. ಅದರ ಹತ್ತಿರದ ಭೀಮಬೇಟ್ಕಾವನ್ನು, ಅಂದರೆ ಹಿಂದಿನ ಕಾಲದ ಜನ ಬಂಡೆಗಳ ಮೇಲೆ ಚಿತ್ರ ಬರೆದಿಟ್ಟ ಬೆಟ್ಟವನ್ನು, ಎರಡು ಸಲ ನೋಡಿದೆ. ಮೊದಲ ಸಲ ದುಡ್ಡು ದಂಡ. ಎರಡನೇ ಸಲದ್ದನ್ನು ಮರೆಯಲು ಆಗುವುದಿಲ್ಲ.

ಮೊದಲ ಸಲದ ತಪ್ಪನ್ನು ನೀವು ಮಾಡಬೇಡಿ ಅಂತ ಅದನ್ನೇ ಮೊದಲು ಹೇಳುತ್ತೇನೆ. ಬಾಡಿಗೆ ಕಾರಿನವನೊಬ್ಬ "ಒಂದೇ ದಿನದಲ್ಲಿ ಸಾಂಚಿ, ಭೀಮಬೇಟ್ಕಾ, ಭೋಜಪುರ ಮೂರೂ ತೋರಿಸುತ್ತೇನೆ" ಅಂದ. ನಾವು ಹೂಂ ಅಂದೆವು. ಸಾಂಚಿ ಭೋಪಾಲದ ಒಂದು ಕಡೆಗೆ, ಭೀಮಬೇಟ್ಕಾ ಇನ್ನೊಂದು ಕಡೆಗೆ. ಎರಡೂ ಸುಮಾರು 45 ಕಿಲೋಮೀಟರ್ ದೂರ. ಸಾಂಚಿ ನೋಡಿ, ಊಟ ಮಾಡಿ, ಊರೆಲ್ಲಾ ದಾಟಿ ಭೀಮಬೇಟ್ಕಾ ಗೇಟಿಗೆ ಬರುವಷ್ಟರಲ್ಲಿ ಸಂಜೆ ನಾಲ್ಕು. ಡ್ರೈವರ್ "ಮುಕ್ಕಾಲು ಗಂಟೆ ಸಾಕು" ಅಂತ ಕಾರಿನಲ್ಲೇ ಸೀಟು ಹಿಂದಕ್ಕೆ ಬಾಗಿಸಿಕೊಂಡು ಮಲಗಿದ.

ಗೇಟಿನ ಹತ್ತಿರ ಒಬ್ಬ ಗೈಡ್ ಸಿಕ್ಕ. ಪಾಪ, ಮನುಷ್ಯ ಒಳ್ಳೆಯವನೇ. ಆದರೆ ಚಿತ್ರಕ್ಕಿಂತ ಬಂಡೆ ತೋರಿಸುವುದರಲ್ಲೇ ಅವನಿಗೆ ಖುಷಿ. ಇದು ಆಮೆ, ಇದು ಗಣಪತಿ, ಇದು ಸಿಂಹದ ಮುಖ, ಇಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತೆ. ಯಾವ ಚಿತ್ರ ಕೇಳಿದರೂ "ಒಂದು ಲಕ್ಷ ವರ್ಷ" ಅನ್ನುತ್ತಿದ್ದ. ಕುದುರೆ ಮೇಲೆ ಕತ್ತಿ ಹಿಡಿದು ಕೂತವನೂ ಒಂದು ಲಕ್ಷ ವರ್ಷದವನಂತೆ! ನನ್ನ ಹೆಂಡತಿ ನನ್ನ ಕಡೆ ನೋಡಿ, "ಅಷ್ಟು ವರ್ಷದ ಹಿಂದ ಕತ್ತಿ ಯಾರು ಮಾಡಿಕೊಟ್ರಂತ ಕೇಳ್ರಿ ಅವನ್ನ" ಅಂದಳು. ಕೇಳಲು ಹೋಗಲಿಲ್ಲ. ಅರ್ಧ ಗಂಟೆಯಲ್ಲಿ ಹೊರಗಿದ್ದೆವು.

ರಾತ್ರಿ ನಿದ್ದೆ ಬರಲಿಲ್ಲ. ಓಡುತ್ತಾ ನೋಡಿದ್ದರಲ್ಲಿ ಒಂದು ಜಿಂಕೆ ಕಣ್ಣಲ್ಲೇ ಉಳಿದಿತ್ತು. ಅದರ ಬೆನ್ನಿನ ಗೆರೆ. ಕೊಂಬಿನ ಬುಡದಿಂದ ಬಾಲದ ತನಕ ಎಲ್ಲೂ ಕೈ ಎತ್ತಿಲ್ಲ. ಒಂದೇ ಎಳೆತ. ಅಂಥ ಗೆರೆ ಎಳೆಯಲು ನನಗೆ ಎಷ್ಟು ವರ್ಷ ಬೇಕಾಯಿತು ಅಂತ ನನಗೆ ಗೊತ್ತು.

ಎರಡು ದಿನ ಬಿಟ್ಟು ಒಬ್ಬನೇ ಹೊರಟೆ. ಭೋಪಾಲದಿಂದ ಹೋಶಂಗಾಬಾದ್ ಕಡೆ ಹೋಗುವ ಬಸ್ಸು. ಆ ಊರಿಗೆ ಈಗ ನರ್ಮದಾಪುರಂ ಅಂತ ಹೆಸರಿಟ್ಟಿದ್ದಾರೆ, ಆದರೆ ಕಂಡಕ್ಟರ್ ಬಾಯಲ್ಲಿ ಇನ್ನೂ ಹೋಶಂಗಾಬಾದೇ. ಓಬೇದುಲ್ಲಾಗಂಜ್ ದಾಟಿದ ಮೇಲೆ ಹೆದ್ದಾರಿಯಲ್ಲಿ ಒಂದು ತಿರುವು. ಅಲ್ಲಿ ಇಳಿದರೆ ಬೆಟ್ಟದ ಮೇಲಕ್ಕೆ ಸುಮಾರು ಮೂರು ಕಿಲೋಮೀಟರ್. ರೈಲು ಹಳಿ ದಾಟಿ, ಸಾಗವಾನಿ ಕಾಡಿನ ನಡುವೆ ರಸ್ತೆ ಏರುತ್ತದೆ. ಜನವರಿಯ ಬೆಳಗಿನ ಚಳಿ, ಕೈಯಲ್ಲಿ ಎರಡು ಬಾಳೆಹಣ್ಣು, ಒಂದು ಬಾಟಲಿ ನೀರು. ಆ ನಡಿಗೆಯೇ ಅರ್ಧ ಪ್ರವಾಸ. ಇದು ರಾತಾಪಾನಿ ಕಾಡಿನ ಭಾಗ, ಹುಲಿ ಇರುವ ಕಾಡು. ನನಗೆ ಸಿಕ್ಕಿದ್ದು ಮುಸಿಯಗಳು ಮಾತ್ರ. ಬಾಳೆಹಣ್ಣಿನ ಮೇಲೆ ಕಣ್ಣಿಟ್ಟು ಸ್ವಲ್ಪ ದೂರ ಜೊತೆಗೇ ಬಂದವು.

ಆ ರೈಲು ಹಳಿಗೂ ಈ ಜಾಗಕ್ಕೂ ಒಂದು ನಂಟಿದೆ. 1957ರಲ್ಲಿ ವಿಷ್ಣು ಶ್ರೀಧರ ವಾಕಣಕರ್ ಅನ್ನುವ ಪುರಾತತ್ವಜ್ಞರು ಭೋಪಾಲದ ಕಡೆ ರೈಲಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಈ ಬಂಡೆಗಳು ಕಂಡವಂತೆ. ಇಂಥ ಬಂಡೆಗಳ ಅಡಿಯಲ್ಲಿ ಏನಾದರೂ ಇರಲೇಬೇಕು ಅನ್ನಿಸಿ, ಆಮೇಲೆ ಹುಡುಕಿಕೊಂಡು ಬಂದರು. ಅದಕ್ಕೂ ಮೊದಲು, 1888ರಲ್ಲೇ, ಕಿನ್‌ಕೇಡ್ ಅನ್ನುವ ಬ್ರಿಟಿಷ್ ಅಧಿಕಾರಿ ಇಲ್ಲಿನ ಆದಿವಾಸಿಗಳಿಂದ ಕೇಳಿ ಈ ಜಾಗದ ಬಗ್ಗೆ ಬರೆದಿದ್ದ. ಆದರೆ ಅವನು ಇದನ್ನು ಬೌದ್ಧರ ಜಾಗ ಅಂದುಕೊಂಡಿದ್ದ. ಊರಿನವರಿಗೆ ಮಾತ್ರ ಇದು ಯಾವತ್ತಿಂದಲೋ ಭೀಮ ಕೂತ ಜಾಗ. ಭೀಮ್ ಬೈಠಕಾ, ಅದೇ ಭೀಮಬೇಟ್ಕಾ. ಪಕ್ಕದ ಬೆಟ್ಟಕ್ಕೆ ಲಾಖಾ ಜುವಾರ್ ಅಂತ ಹೆಸರು, ಅದಕ್ಕೆ ಅರಗಿನ ಮನೆ ಕಥೆ ಅಂಟಿದೆ. ನಮ್ಮ ಕಡೆಯೂ ಹೀಗೇ ಅಲ್ವಾ? ದೊಡ್ಡ ಬಂಡೆ ಕಂಡರೆ ಭೀಮ ಎಸೆದದ್ದು, ಬಂಡೆಯಲ್ಲಿ ಗುಂಡಿ ಕಂಡರೆ ಭೀಮನ ಹೆಜ್ಜೆ.

ವಾಕಣಕರ್ ಬಗ್ಗೆ ನನಗೆ ಖುಷಿ ಕೊಟ್ಟ ವಿಷಯ ಅಂದರೆ, ಅವರು ಚಿತ್ರಕಾರರೂ ಹೌದು. ಉಜ್ಜಯಿನಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಬಂಡೆ ಬಂಡೆ ಹತ್ತಿ, ಕೂತು, ಚಿತ್ರಗಳನ್ನು ಕೈಯಿಂದಲೇ ಕಾಪಿ ಮಾಡಿಕೊಂಡವರು. ಕಾಪಿ ಮಾಡಿದವನಿಗೇ ಗೊತ್ತಾಗುವುದು ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಅಂತ. ಫೋಟೋ ತೆಗೆದವನಿಗೆ ಅದು ಗೊತ್ತಾಗುವುದಿಲ್ಲ.

ಒಳಗೆ ಹೋಗುವ ಮುಂಚೆ ಒಂದು ಮಾತು. ಗುಹೆ ಅಂದರೆ ಕತ್ತಲು, ಟಾರ್ಚು, ಬಾವಲಿ ಅಂತ ಅಂದುಕೊಂಡು ಬರಬೇಡಿ. ಇವು ಬಂಡೆಯ ಆಸರೆಗಳು. ಮೇಲೆ ಚಾಚಿಕೊಂಡ ಕಲ್ಲಿನ ಸೂರು, ಕೆಳಗೆ ನೆರಳು, ಮುಂದೆ ಬಯಲು. ನಮ್ಮ ಹಳ್ಳಿ ಮನೆಯ ಕಟ್ಟೆ ಇದ್ದ ಹಾಗೆ. ಏಳು ಬೆಟ್ಟಗಳಲ್ಲಿ ಇಂಥವು 700ಕ್ಕೂ ಹೆಚ್ಚು ಇವೆ. ಭೀಮಬೇಟ್ಕಾ ಬೆಟ್ಟದಲ್ಲೇ 243. ನಮಗೆ ನೋಡಲು ಬಿಡುವುದು ಸುಮಾರು 15. ಎಲ್ಲಕ್ಕೂ ನಂಬರ್ ಇದೆ, ನಡುವೆ ಕಾಲುದಾರಿ ಇದೆ, ದಾರಿ ತಪ್ಪುವ ಪ್ರಶ್ನೆ ಇಲ್ಲ. ಹದಿನೈದೇನಾ ಅಂತ ಮೊದಲು ಬೇಜಾರಾಯಿತು. ನಾಲ್ಕು ಗಂಟೆ ಕಳೆದ ಮೇಲೂ ನಾನು ಒಂಬತ್ತನೆಯದರ ಹತ್ತಿರವೇ ಇದ್ದೆ.

ಈ ಸೂರು ಇದೆಯಲ್ಲ, ಚಿತ್ರ ಉಳಿಯಲು ಅದೇ ಮುಖ್ಯ ಕಾರಣ. ಮಳೆ ನೀರು ನೇರವಾಗಿ ಗೋಡೆಗೆ ಬೀಳುವುದಿಲ್ಲ. ಎಲ್ಲಿ ಮೇಲಿನಿಂದ ನೀರು ಇಳಿದು ಕಪ್ಪು ಪಟ್ಟೆ ಬಿದ್ದಿದೆಯೋ ಅಲ್ಲಿ ಚಿತ್ರ ಅರ್ಧಕ್ಕೆ ನಿಂತಿದೆ. ಪೇಂಟಿಂಗ್ ಕೆಲಸದವರು ಯಾರಾದರೂ ಇದನ್ನು ಓದುತ್ತಿದ್ದರೆ ನಗುತ್ತೀರಿ. ಸಜ್ಜಾ ಇಲ್ಲದ ಗೋಡೆಗೆ ಎಷ್ಟು ಒಳ್ಳೆ ಬಣ್ಣ ಹೊಡೆದರೇನು, ಎರಡು ಮಳೆಗಾಲ. ಮಾಲೀಕರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋವಾಗಿದೆ.

ಇನ್ನೊಂದು ಕಾರಣ ಬಣ್ಣದ್ದೇ. ಇಲ್ಲಿ ಜಾಸ್ತಿ ಕಾಣುವುದು ಕೆಂಪು ಮತ್ತು ಬಿಳಿ. ಹಸಿರು, ಹಳದಿ ಅಲ್ಲೊಂದು ಇಲ್ಲೊಂದು. ಕೆಂಪು ಅಂದರೆ ಹೆಮಟೈಟ್, ಕಬ್ಬಿಣದ ಅಂಶ ಇರುವ ಕೆಂಪು ಕಲ್ಲು. ಅದನ್ನು ತೇಯ್ದು, ಅರೆದು ಮಾಡಿದ ಬಣ್ಣ. ಬೋರ್ಡಿನಲ್ಲಿ ಆ ಹೆಸರು ಓದಿ ನಾನು ಅಲ್ಲೇ ನಿಂತೆ. ಇದು ನಮ್ಮ ರೆಡ್ ಆಕ್ಸೈಡ್! ಗ್ರಿಲ್ಲಿಗೆ ಮೊದಲ ಕೋಟು ಹೊಡೆಯುತ್ತೇವಲ್ಲ, ಹಳೇ ಮನೆಗಳ ಕೆಂಪು ನೆಲಕ್ಕೆ ಬೆರೆಸುತ್ತಿದ್ದರಲ್ಲ, ನಮ್ಮ ಹಳ್ಳಿಗಳಲ್ಲಿ ಹಬ್ಬಕ್ಕೆ ಗೋಡೆ ಕೆಳಗೆ ಬಳಿಯುವ ಕೆಮ್ಮಣ್ಣು, ಹುರುಮಂಜು, ಎಲ್ಲದರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. ಬಿಸಿಲಿಗೆ ಮಾಸದ ಬಣ್ಣ ಅಂದರೆ ಇದೊಂದೇ ಅಂತ ನನ್ನ ಗುರುಗಳು ಹೇಳುತ್ತಿದ್ದರು. ಫ್ಲೆಕ್ಸಿನ ಕೆಂಪು ನೋಡಿದ್ದೀರಲ್ಲ, ಒಂದು ಬೇಸಿಗೆ ಕಳೆದರೆ ಅಭ್ಯರ್ಥಿಯ ಮುಖವೇ ಬೆಳ್ಳಗಾಗುತ್ತದೆ.

ಹತ್ತಿರದಿಂದ, ಅಂದರೆ ಸರಪಳಿ ಹಾಕಿದ ಕಡೆ ಅದರ ಹೊರಗಿನಿಂದಲೇ, ನೋಡಿದಾಗ ಕಂಡದ್ದು ಹೇಳುತ್ತೇನೆ. ಕೆಂಪು ಕಲ್ಲಿನೊಳಗೆ ಇಳಿದಿದೆ. ಕಲ್ಲಿನ ಕಾಳು ಕಾಳಿನ ಮಧ್ಯೆ ಕೂತಿದೆ, ಪದರ ಅಂತ ಕಾಣುವುದೇ ಇಲ್ಲ. ಬಿಳಿ ಹಾಗಲ್ಲ. ಅದು ಮೇಲೆ ದಪ್ಪಗೆ ಕೂತಿದೆ, ಕೆಲವು ಕಡೆ ಸುಣ್ಣದ ಹಕ್ಕಳೆ ಎದ್ದ ಹಾಗೆ ಉದುರಿದೆ. ಉದುರಿದ ಕಡೆ ಕೆಳಗಿನ ಕೆಂಪು ಇಣುಕುತ್ತದೆ.

ಹೌದು, ಕೆಳಗೆ ಇನ್ನೊಂದು ಚಿತ್ರ. ನನಗೆ ಇಲ್ಲಿ ಅತಿ ವಿಚಿತ್ರ ಅನ್ನಿಸಿದ್ದು ಇದೇ. ನಾಲ್ಕನೇ ನಂಬರಿನ ಬಂಡೆಗೆ ಜೂ ರಾಕ್ ಅಂತಾರೆ, ಮೃಗಾಲಯ ಬಂಡೆ. ಒಂದೇ ಗೋಡೆ ಮೇಲೆ 252 ಪ್ರಾಣಿಗಳು, 16 ಜಾತಿಯವು. ಆನೆ, ಕಡವೆ, ಜಿಂಕೆ, ಕಾಡುಕೋಣ. ಅವುಗಳ ಮೇಲೆಯೇ ಇನ್ಯಾವುದೋ ಕಾಲದವನು ಬಂದು ಕುದುರೆ ಸವಾರರನ್ನು ಬರೆದಿದ್ದಾನೆ. ಹಳೆಯದನ್ನು ಯಾರೂ ಕೆರೆದಿಲ್ಲ, ಸುಣ್ಣ ಬಳಿದು ಮುಚ್ಚಿಲ್ಲ. ಪಕ್ಕದಲ್ಲಿ ಖಾಲಿ ಜಾಗ ಬೇಕಾದಷ್ಟಿದೆ, ಆದರೂ ಅದರ ಮೇಲೆಯೇ ಬರೆದಿದ್ದಾರೆ. ಯಾಕೆ? ಆ ಗೋಡೆಗೇ ಏನೋ ಮಹತ್ವ ಇತ್ತೋ, ಕೂರಲು ಜಾಗ ಅನುಕೂಲವಾಗಿತ್ತೋ. ನಾನಾಗಿದ್ದರೆ ಮೊದಲು ಪಟ್ಟಿ ಹಾಕಿ ಉಜ್ಜಿ, ಪ್ರೈಮರ್ ಹೊಡೆದು, ಎಲ್ಲಾ ಅಳಿಸಿಯೇ ಶುರು ಮಾಡುತ್ತಿದ್ದೆ. ನಮ್ಮ ಕೆಲಸದ ಮೊದಲ ಪಾಠವೇ ಅದು. ಆ ಲೆಕ್ಕದಲ್ಲಿ ಇವರು ನಮ್ಮಷ್ಟು ನೀಟಾಗಿ ಕೆಲಸ ಮಾಡಿಲ್ಲ, ದೇವರ ದಯೆ.

ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿದವರು ಹೇಳುವುದೂ ಈ ಪದರಗಳನ್ನು ನೋಡಿಯೇ. ಕೆಂಪು ಬಣ್ಣ ಬರೀ ಖನಿಜ. ಅದರಲ್ಲಿ ಇಂಗಾಲ ಇಲ್ಲ, ಹಾಗಾಗಿ ಕಾರ್ಬನ್ ಪರೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ವಯಸ್ಸಿನ ಬಗ್ಗೆ ಇಷ್ಟು ಜಗಳ. ಬೇಟೆಗಾರರು, ಪ್ರಾಣಿಗಳು ಇರುವ ಹೆಚ್ಚಿನ ಚಿತ್ರಗಳನ್ನು ಮಧ್ಯ ಶಿಲಾಯುಗದವು ಅನ್ನುತ್ತಾರೆ, ಅಂದರೆ ಸಾವಿರಾರು ವರ್ಷ ಹಳೆಯವು. ಕೆಲವು ಅದಕ್ಕೂ ಹಿಂದಿನವು ಅನ್ನುವ ವಾದ ಇದೆ. ಕುದುರೆ, ಕತ್ತಿ, ಗುರಾಣಿ ಇರುವವು ತೀರಾ ಈಚಿನವು, ರಾಜರ ಕಾಲದವು. ನಮ್ಮ ಗೈಡ್ ಹೇಳಿದ ಲಕ್ಷ ವರ್ಷ ಪೂರ್ತಿ ಸುಳ್ಳೂ ಅಲ್ಲ. ಈ ಆಸರೆಗಳಲ್ಲಿ ಮನುಷ್ಯರು ವಾಸ ಮಾಡಿದ್ದು ಅಷ್ಟು ಹಿಂದಿನಿಂದ. 1970ರ ದಶಕದಲ್ಲಿ ವಾಕಣಕರ್ ಮತ್ತು ವಿ. ಎನ್. ಮಿಶ್ರಾ ಅಗೆದಾಗ ಕಲ್ಲಿನ ಕೈಕೊಡಲಿಗಳು ಸಿಕ್ಕವು. ಕೊಡಲಿಯ ವಯಸ್ಸನ್ನು ಅವನು ಚಿತ್ರಕ್ಕೆ ಅಂಟಿಸಿಬಿಟ್ಟಿದ್ದ, ಅಷ್ಟೇ.

ಮೂರನೇ ನಂಬರಿನದು ಆಡಿಟೋರಿಯಂ. ಎತ್ತರದ ಕಲ್ಲಿನ ಸುರಂಗ, ಆ ಕಡೆಯಿಂದ ಬೆಳಕು ಬರುತ್ತದೆ. ಮಾತಾಡುತ್ತಾ ಬಂದವರೂ ಒಳಗೆ ಕಾಲಿಟ್ಟ ಕೂಡಲೇ ದನಿ ಇಳಿಸುತ್ತಾರೆ. ಇಲ್ಲಿ ಒಂದು ಮಗುವಿನ ಕೈ ಗುರುತಿದೆ. ಬಂಡೆಗಳ ಮೇಲೆ ಬಟ್ಟಲಿನಂಥ ಸಣ್ಣ ಗುಳಿಗಳೂ ಇವೆ. ಕಲ್ಲಿನಿಂದ ಕಲ್ಲಿಗೆ ಬಡಿದು ಬಡಿದು ಮಾಡಿದವು. ಇಲ್ಲಿನ ಕಲ್ಲು ಬಹಳ ಗಟ್ಟಿ, ಒಂದು ಗುಳಿಗೆ ಎಷ್ಟು ದಿನ ಬೇಕಾಗಿರಬಹುದೋ. ಇವುಗಳ ವಯಸ್ಸಿನ ಬಗ್ಗೆಯೂ ವಾದ ನಡೆದೇ ಇದೆ. ಚಿತ್ರಗಳಿಗಿಂತ ಬಹಳ ಹಳೆಯವು ಅನ್ನುವವರಿದ್ದಾರೆ.

ಇದೇ ಆಡಿಟೋರಿಯಂ ಚಾವಣಿಯಲ್ಲಿ ಒಂದು ತಮಾಷೆಯ ಕಥೆ ಇದೆ. 2021ರಲ್ಲಿ ಕೆಲವು ವಿಜ್ಞಾನಿಗಳು ಇಲ್ಲಿ ಎಲೆಯಂಥ ಒಂದು ಗುರುತು ನೋಡಿ, ಇದು ಡಿಕಿನ್ಸೋನಿಯಾ, ಸುಮಾರು 55 ಕೋಟಿ ವರ್ಷ ಹಿಂದಿನ ಜೀವಿಯ ಪಳೆಯುಳಿಕೆ ಅಂತ ಪ್ರಕಟಿಸಿದರು. ಪೇಪರುಗಳಲ್ಲೆಲ್ಲಾ ಬಂತು. ಆಮೇಲೆ ಬೇರೆ ತಂಡ ಬಂದು ನೋಡಿದರೆ, ಅದು ಅರ್ಧ ಕಳಚಿ ಬಿದ್ದ ಹೆಜ್ಜೇನು ಗೂಡಿನ ಗುರುತು! 2023ರಲ್ಲಿ ಅದೂ ಪ್ರಕಟವಾಯಿತು. ಮೊದಲು ಹೇಳಿದವರೂ ತಪ್ಪು ಒಪ್ಪಿಕೊಂಡರು ಅನ್ನುವುದು ದೊಡ್ಡ ವಿಷಯ. ನಮ್ಮ ಗೈಡ್ ಮಾತ್ರ ಇನ್ನೂ 55 ಕೋಟಿಯಲ್ಲೇ ಇದ್ದಾನೆ. ಅಂದ ಹಾಗೆ, ಬಂಡೆಗಳ ಮೇಲೆ ಹೆಜ್ಜೇನು ನಿಜವಾಗಿಯೂ ಕಟ್ಟುತ್ತದೆ. ಸೆಂಟು ಹಾಕಿಕೊಂಡು ಹೋಗಬೇಡಿ, ಕಿರುಚಬೇಡಿ, ಹೊಗೆ ಅಂತೂ ಬೇಡವೇ ಬೇಡ. ಇಲ್ಲಿನ ಚಿತ್ರಗಳಲ್ಲಿ ಜೇನು ಕೀಳುವವರೂ ಇದ್ದಾರೆ, ಅವರಿಗೆ ಆ ವಿದ್ಯೆ ಗೊತ್ತಿತ್ತು, ನಮಗಿಲ್ಲ.

ಈಗ ಆ ಜಿಂಕೆಯ ವಿಷಯ. ಅದನ್ನು ಹುಡುಕಲು ಅರ್ಧ ಗಂಟೆ ಬೇಕಾಯಿತು, ಯಾಕೆಂದರೆ ಮೊದಲ ದಿನ ಸಂಜೆ ಬೆಳಕು, ಈಗ ಬೆಳಗಿನದು. ಬೆಳಕು ಬದಲಾದರೆ ಗೋಡೆಯೇ ಬೇರೆ. ಸಿಕ್ಕ ಮೇಲೆ ಎದುರಿನ ಕಲ್ಲಿನ ಮೇಲೆ ಕೂತೆ. ಮಗನ ಸ್ನೇಹಿತನಿಂದ ಒಂದು ಸಣ್ಣ ದುರ್ಬೀನು ತಂದಿದ್ದೆ, ಅದರಲ್ಲಿ ನೋಡಿದೆ.

ಬೆನ್ನಿನ ಗೆರೆ ಕತ್ತಿನ ಹತ್ತಿರ ದಪ್ಪ. ಅಲ್ಲಿ ಬ್ರಷ್ ತುಂಬಾ ಬಣ್ಣ ಇತ್ತು. ಬೆನ್ನಿನ ನಡುವೆ ತೆಳುವಾಗುತ್ತದೆ, ಸೊಂಟದ ಹತ್ತಿರ ಒತ್ತಡ ಕೊಟ್ಟಿದ್ದಾನೆ, ಮತ್ತೆ ದಪ್ಪ. ಬಾಲದ ತುದಿಗೆ ಬರುವಾಗ ಬಣ್ಣ ಮುಗಿದಿದೆ, ಗೆರೆ ಒಡೆದು ನಾಲ್ಕೈದು ಎಳೆಯಾಗಿದೆ. ಅಂದರೆ ಬ್ರಷ್ಷಿನ ಕೂದಲು ಒರಟು. ನಾರಿನ ಕಡ್ಡಿ ಜಜ್ಜಿ ಮಾಡಿದ್ದು. ಮುಂದಿನ ಕಾಲು ಎರಡೇ ಎಳೆತ. ಹಿಂದಿನ ಕಾಲಿಗೆ ಮಾತ್ರ ಮೂರು. ಅಲ್ಲಿ ಏನೋ ತಪ್ಪಾಗಿದೆ. ಮೊದಲು ಎಳೆದ ಗೆರೆ ಚೂರು ಹೊರಗೆ ಹೋಗಿದೆ, ಅದರ ಒಳಗೆ ಇನ್ನೊಂದು ಎಳೆದು ಸರಿ ಮಾಡಿದ್ದಾನೆ. ಹೊಟ್ಟೆಯೊಳಗೆ ಸಣ್ಣ ಸಣ್ಣ ಅಡ್ಡ ಗೆರೆಗಳು. ಮೊದಲ ಮೂರ್ನಾಲ್ಕು ನೇರ, ಆಮೇಲಿನವು ಬರುಬರುತ್ತಾ ಓರೆ. ಕೈ ದಣಿದಿರಬೇಕು ಅಥವಾ ಬೇಸರ ಬಂದಿರಬೇಕು. ಉದ್ದ ಬೋರ್ಡಿನ ಕೊನೆಯ ಅಕ್ಷರಗಳು ನನಗೂ ಹಾಗೇ ಆಗುತ್ತಿದ್ದವು, "ಪ್ರೊವಿಜನ್ ಸ್ಟೋರ್ಸ್" ಅನ್ನುವಲ್ಲಿ ಆ ಕೊನೆಯ "ರ್ಸ್" ಇದೆಯಲ್ಲ, ಅದು.

ನನಗೆ ಗೊತ್ತಿಲ್ಲದೆ ಗಾಳಿಯಲ್ಲಿ ಬೆರಳಿನಿಂದ ಅದೇ ಗೆರೆ ಎಳೆಯುತ್ತಾ ಕೂತಿದ್ದೆ. ಕಾವಲಿನವರೊಬ್ಬರು ಸ್ವಲ್ಪ ಹೊತ್ತು ದೂರದಿಂದ ನೋಡಿ, ಹತ್ತಿರ ಬಂದು, ಏನು ಮಾಡುತ್ತಿದ್ದೀರಿ ಅಂತ ಹಿಂದಿಯಲ್ಲಿ ಕೇಳಿದರು. ನಾನೂ ಇದೇ ಕೆಲಸದವನು ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ನಕ್ಕು, ಇನ್ನೊಂದು ಬಂಡೆಯ ಕಡೆ ಕರೆದುಕೊಂಡು ಹೋದರು. ಅಲ್ಲಿ ಕೂತು ತಲೆ ಪೂರ್ತಿ ಮೇಲೆತ್ತಿದರೆ ಮಾತ್ರ ಕಾಣುವ ಚಿತ್ರ. ಹೊಟ್ಟೆಯೊಳಗೆ ಮರಿ ಇರುವ ಒಂದು ಪ್ರಾಣಿ. ಕಾಣದೇ ಇರುವುದನ್ನೂ ಬರೆದಿದ್ದಾನೆ. ಅವರು ತೋರಿಸದಿದ್ದರೆ ನಾನು ಅದರ ಕೆಳಗೇ ಎರಡು ಸಲ ದಾಟಿ ಹೋಗುತ್ತಿದ್ದೆ. ಈ ಜಾಗದ ಬಗ್ಗೆ ನನ್ನ ಒಂದೇ ಒಂದು ಸಲಹೆ ಅಂದರೆ ಇದು: ನಡೆಯುವುದು ಕಡಿಮೆ ಮಾಡಿ, ಕೂರುವುದು ಜಾಸ್ತಿ ಮಾಡಿ. ಐದು ನಿಮಿಷ ಕೂತ ಮೇಲೆ ಖಾಲಿ ಕಲ್ಲಿನಲ್ಲಿ ಒಂದು ಕಾಲು ಕಾಣುತ್ತದೆ, ಆಮೇಲೆ ಕೊಂಬು, ಆಮೇಲೆ ಇಡೀ ಹಿಂಡು.

ಕೊನೆಯದು ಹದಿನೈದನೆಯದು, ಬೋರ್ ರಾಕ್, ಹಂದಿ ಬಂಡೆ. ಅಣಬೆಯ ಆಕಾರದ ಕಲ್ಲು. ಅದರ ಕೊಡೆಯಡಿಯಲ್ಲಿ ಒಂದು ದೊಡ್ಡ ಕೆಂಪು ಪ್ರಾಣಿ. ಮೂತಿ ಹಂದಿಯದು, ಆದರೆ ತಲೆ ಮೇಲೆ ಕೊಂಬು! ಅದರ ಮುಂದೆ ಒಬ್ಬ ಸಣ್ಣ ಮನುಷ್ಯ ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಿದ್ದಾನೆ. ಪಕ್ಕದಲ್ಲಿ ಒಂದು ಏಡಿ. ಕೊಂಬಿನ ಹಂದಿ ಎಲ್ಲೂ ಇಲ್ಲ, ಅಂದರೆ ಇದು ಯಾರೋ ಹೇಳಿದ ಕಥೆಯ ಚಿತ್ರ. ಕಥೆ ಹೋಗಿದೆ. ಅವನು ತಪ್ಪಿಸಿಕೊಂಡನೋ ಇಲ್ಲವೋ ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ನನ್ನ ತಲೆ ತಿಂದದ್ದು ಬೇರೆ ಪ್ರಶ್ನೆ. ಅಷ್ಟು ಎತ್ತರಕ್ಕೆ ಹೇಗೆ ಹತ್ತಿದ? ಕೆಳಗಿನಿಂದ ಕೈಗೆ ಎಟಕುವುದಿಲ್ಲ. ಸಾರವೆ ಕಟ್ಟಿದ್ದನೇ? ಬಿದಿರಿನ ಏಣಿಯೇ? ಮೇಲೆ ನೋಡಿಕೊಂಡು ಬರೆದರೆ ಬಣ್ಣ ಕಣ್ಣಿಗೇ ತೊಟ್ಟಿಕ್ಕುತ್ತದೆ. ಮುಂಗೈ ಮೇಲೆ ಹರಿದು ಮೊಣಕೈಗೆ ಬರುತ್ತದೆ. ಚಾವಣಿ ಕೆಲಸ ಮಾಡಿದವರಿಗೆ ಕತ್ತಿನ ಆ ನೋವು ಗೊತ್ತು. ಒಬ್ಬನೇ ಮಾಡುವ ಕೆಲಸ ಅಲ್ಲ ಅದು. ಕೆಳಗೆ ಒಬ್ಬ ಬಣ್ಣ ಅರೆದು ಕೊಡಬೇಕು, ಒಬ್ಬ ಏಣಿ ಹಿಡಿಯಬೇಕು, ದೂರ ನಿಂತು "ಕೊಂಬು ಸ್ವಲ್ಪ ಎಡಕ್ಕೆ" ಅನ್ನುವವನೊಬ್ಬ ಇದ್ದೇ ಇರುತ್ತಾನೆ.

ಫ್ರಾನ್ಸಿನಲ್ಲಿ ಲಾಸ್ಕೋ ಅಂತ ಪ್ರಸಿದ್ಧ ಚಿತ್ರಗುಹೆ ಇದೆ. 1940ರಲ್ಲಿ ಸಿಕ್ಕಿದ್ದು. ಜನರ ಉಸಿರಿನ ತೇವಕ್ಕೆ ಚಿತ್ರ ಹಾಳಾಗತೊಡಗಿ 1963ರಲ್ಲಿ ಬಾಗಿಲು ಹಾಕಿದರು. ಈಗ ಅಲ್ಲಿಗೆ ಹೋದವರು ನೋಡುವುದು ನಕಲು. ನಮ್ಮದು ಗಾಳಿ ಆಡುವ ಬಯಲು ಆಸರೆ ಆಗಿರುವುದರಿಂದ ಅಸಲಿಯನ್ನೇ ನೋಡಬಹುದು. ಇಷ್ಟು ಸಸಾರವಾಗಿ ಸಿಕ್ಕಿದ್ದಕ್ಕೋ ಏನೋ, ಜನರಿಗೆ ಬೆಲೆ ಇಲ್ಲ. ನನ್ನ ಎದುರಿಗೇ ಒಬ್ಬ ಹುಡುಗ ಫೋಟೋದಲ್ಲಿ ಬಣ್ಣ ಎದ್ದು ಕಾಣಲಿ ಅಂತ ಬಾಟಲಿಯಿಂದ ನೀರು ಚಿಮುಕಿಸಲು ಹೊರಟಿದ್ದ. ಬೈದೆ. ಕನ್ನಡದಲ್ಲೇ ಬೈದೆ, ಅರ್ಥವಾಯಿತು. ನೀರು ಹಾಕಿದಾಗ ಬಣ್ಣ ಎದ್ದು ಕಾಣುವುದು ನಿಜ, ಆದರೆ ಒಣಗುವಾಗ ಕಲ್ಲಿನ ಉಪ್ಪು ಮೇಲೆ ಬರುತ್ತದೆ. ತೇವದ ಗೋಡೆಯಲ್ಲಿ ಬಿಳಿ ಹೂವು ಎದ್ದ ಹಾಗೆ. ಬಣ್ಣದ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಬೇಕಾದವರಿಗೆ ಉಳಿದ ವಿಷಯ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಬೇಸಿಗೆಯಲ್ಲಿ ಕಲ್ಲು ಕಾದು ನಿಲ್ಲಲು ಆಗುವುದಿಲ್ಲ. ಬೆಳಗ್ಗೆ ಬೇಗ ಹೋಗಿ. ಬಸ್ಸಿನಲ್ಲಿ ಹೋದರೆ ಖರ್ಚು ಕಡಿಮೆ, ಆದರೆ ಹೆದ್ದಾರಿಯಿಂದ ಮೇಲಕ್ಕೆ ಆಟೋ ಸಿಗುವ ನಂಬಿಕೆ ಇಲ್ಲ, ನಡೆಯಲೇಬೇಕು. ಮೊಣಕಾಲು ನೋವಿದ್ದವರು ಕಾರು ಮಾಡಿಕೊಳ್ಳಿ, ಆದರೆ ಇದಕ್ಕೊಂದಕ್ಕೇ ಮಾಡಿಕೊಳ್ಳಿ. ಜೊತೆಗೆ ಬೇಕಿದ್ದರೆ ಭೋಜಪುರದ ಶಿವ ದೇವಸ್ಥಾನ ಸೇರಿಸಿಕೊಳ್ಳಬಹುದು, ಅದು ಅದೇ ಕಡೆ ಇದೆ. ರಾಜಾ ಭೋಜ ಕಟ್ಟಿಸಲು ಶುರು ಮಾಡಿ ಅರ್ಧಕ್ಕೇ ನಿಂತ ದೇವಸ್ಥಾನ. ಸಾಂಚಿಗೆ ಬೇರೆ ದಿನ ಇಟ್ಟುಕೊಳ್ಳಿ. ನೀರು, ತಿಂಡಿ ಕೆಳಗಿನಿಂದಲೇ ಒಯ್ಯಿರಿ. ಒಳಗಿನ ದಾರಿ ಚೆನ್ನಾಗಿದೆ. ನನ್ನ ಹೆಂಡತಿ ಮೊದಲ ದಿನ ಚಪ್ಪಲಿಯಲ್ಲೇ ಸುತ್ತಿದಳು, ಆದರೂ ಬೂಟು ಒಳ್ಳೆಯದು. ಬೋರ್ಡುಗಳು ಹಿಂದಿ, ಇಂಗ್ಲಿಷಿನಲ್ಲಿವೆ. ಬಂಡೆಯ ಮೇಲೆ ಎಲ್ಲಿ ನೋಡಬೇಕು ಅಂತ ತೋರಿಸುವ ಒಂದು ಗೆರೆ ಚಿತ್ರ ಪ್ರತಿ ಬೋರ್ಡಿನಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಯಾರಾದರೂ ಕೇಳಿದರೆ ನಾನೇ ಬರೆದುಕೊಡುತ್ತೇನೆ, ಕೂಲಿ ಬೇಡ.

ಅಷ್ಟು ದೂರ ಹೋಗಲು ಆಗದವರು ಬೇಜಾರು ಮಾಡಿಕೊಳ್ಳಬೇಡಿ. ಬಾದಾಮಿ ಹತ್ತಿರ ಶಿದ್ಲಫಡಿ ಇದೆ, ಗಂಗಾವತಿ ಕಡೆ ಹಿರೇಬೆಣಕಲ್ ಇದೆ. ಎರಡೂ ಕಡೆ ಬಂಡೆ ಚಿತ್ರಗಳಿವೆ. ನಾನೇ ಇನ್ನೂ ನೋಡಿಲ್ಲ, ನಾಚಿಕೆಗೇಡು. ಭೋಪಾಲದ ತನಕ ಹೋಗಿ ಬಂದವನು ಬಾದಾಮಿಯಲ್ಲಿ ಬನಶಂಕರಿ ಜಾತ್ರೆ ಬಿಟ್ಟು ಆಚೆ ಹೋಗಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆ ಮೊದಲ ದಿನಕ್ಕೆ. ಅದರಲ್ಲಿ ಜಾಗದ ತಪ್ಪೇನೂ ಇಲ್ಲ.

ಊರಿಗೆ ಬಂದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಬೇವಿನ ಕಡ್ಡಿಯ ತುದಿ ಜಗಿದು ನಾರು ಮಾಡಿಕೊಂಡೆ. ಅಂಗಡಿಯಲ್ಲಿದ್ದ ರೆಡ್ ಆಕ್ಸೈಡ್ ಪುಡಿಯನ್ನು ಮೂರು ಬಟ್ಟಲಲ್ಲಿ ಕಲಸಿದೆ. ಒಂದಕ್ಕೆ ಬರೀ ನೀರು, ಒಂದಕ್ಕೆ ಬೇವಿನ ಅಂಟು. ಪ್ರಾಣಿಗಳ ಕೊಬ್ಬನ್ನೂ ಬೆರೆಸಿರಬಹುದು ಅನ್ನುತ್ತಾರೆ. ಅದನ್ನು ಮನೆಯೊಳಗೆ ತರಲು ಹೆಂಡತಿ ಬಿಡಲಿಲ್ಲ, ಹಾಗಾಗಿ ಮೂರನೆಯದಕ್ಕೆ ಎರಡು ಚಮಚ ತುಪ್ಪ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಒಂದು ಚಪ್ಪಡಿ ನಿಲ್ಲಿಸಿ, ಮೂರು ಜಿಂಕೆ ಬರೆದೆ. ಬೆನ್ನಿನ ಗೆರೆ ಒಂದೂ ಸರಿ ಬರಲಿಲ್ಲ. ಬೇವಿನ ಕಡ್ಡಿ ಬಣ್ಣ ಹಿಡಿಯುವುದೇ ಅರ್ಧ ಗೇಣು ದೂರಕ್ಕೆ. ಕತ್ತಿನಿಂದ ಬಾಲದ ತನಕ ಎಳೆಯಲು ಅವನು ಯಾವ ಗಿಡದ ನಾರು ಬಳಸಿದನೋ ಹುಡುಕುತ್ತಾ ಇದ್ದೇನೆ.

ನೀರಿನ ಜಿಂಕೆ ಕೈಯಿಂದ ಒರೆಸಿದರೆ ಬರುತ್ತದೆ. ಅಂಟಿನದು ಸದ್ಯಕ್ಕೆ ಗಟ್ಟಿಯಾಗಿದೆ. ತುಪ್ಪದ್ದಕ್ಕೆ ಮೂರನೇ ದಿನವೇ ಇರುವೆ ಮುತ್ತಿ, ಹೊಟ್ಟೆಯಿಂದ ಹಿಂಗಾಲಿನ ತನಕ ಸಾಲಾಗಿ ಓಡಾಡುತ್ತಿದ್ದವು.